ಅಟ್ಟದ ಮೇಲಿನ ಕೀಬೋರ್ಡ್ ಸತ್ತಿಲ್ಲ ಮಾರಾಯ್ರೆ!

ನಿಮ್ಮ ಮನೆಯ ಕಪಾಟಿನ ಮೇಲೋ ಮಂಚದಡಿಯಲ್ಲೋ ಹಳೇ ಬೆಡ್‌ಶೀಟ್ ಸುತ್ತಿದ ಉದ್ದದ ವಸ್ತುವೊಂದು ಉಂಟಾ? ಇದ್ದರೆ ಈ ಬರಹ ನಿಮಗೇ.

ನಮ್ಮ ಮಂಗಳೂರಿನ ಕಡೆ ಈ ವಸ್ತುವಿಗೆ ಒಂದು ಕತೆ ಇದ್ದೇ ಇರುತ್ತದೆ. ಗಲ್ಫ್‌ನಿಂದ ರಜೆಗೆ ಬಂದ ಮಾವ ತಂದುಕೊಟ್ಟ ಕ್ಯಾಸಿಯೊ, ಚರ್ಚ್‌ನ ಕೊಯರ್‌ನಲ್ಲಿ ವರ್ಷಗಟ್ಟಲೆ ನುಡಿಸಿದ ಯಮಹಾ, ಆರ್ಕೆಸ್ಟ್ರಾ ಬಿಟ್ಟ ಮೇಲೆ ಅಣ್ಣ ಮಾರಲು ಮನಸ್ಸಾಗದೆ ಇಟ್ಟುಕೊಂಡ ರೋಲ್ಯಾಂಡ್. ಹಾಡಿನ ಊರು ನಮ್ಮದು. ರೋಸ್, ಮದುವೆ, ಭಜನೆ, ಸ್ಕೂಲ್ ಡೇ, ಎಲ್ಲದಕ್ಕೂ ಕೀಬೋರ್ಡ್ ಬೇಕು. 2008ರ ಜನವರಿಯಲ್ಲಿ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್‌ನವರು 40 ಗಂಟೆ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ ಊರಿದು.

ಆದರೆ ಈ ವಾದ್ಯಗಳ ಬಗ್ಗೆ ಮನೆಯಲ್ಲಿ ಕೇಳಿದರೆ ಉತ್ತರ ಒಂದೇ: "ಅದು ಹಾಳಾಗಿದೆ, ಪಾರ್ಟ್ಸ್ ಸಿಗುದಿಲ್ಲ."

ನಾನಿರುವುದು ಫಳ್ನೀರ್‌ನ ಒಂದು ಫ್ಲ್ಯಾಟ್‌ನಲ್ಲಿ. ಹಗಲು ಲ್ಯಾಪ್‌ಟಾಪ್ ಮುಂದೆ ಕೆಲಸ. ಕಳೆದ ಕೆಲವು ವರ್ಷಗಳಿಂದ ವಾರದ ಕೊನೆಗೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಹಳೇ ಕೀಬೋರ್ಡ್ ಬಿಚ್ಚಿ ರಿಪೇರಿ ಮಾಡುವುದು ಹವ್ಯಾಸ. ನನ್ನ ಮೇಜಿಗೆ ಬಂದವುಗಳಲ್ಲಿ ನಿಜವಾಗಿಯೂ "ಸತ್ತ" ಕೀಬೋರ್ಡ್‌ಗಳು ಕಡಿಮೆ. ಹೆಚ್ಚಿನವಕ್ಕೆ ಕೊಳೆ ಹಿಡಿದಿತ್ತು, ಒಂದು ವಯರ್ ಬಿಟ್ಟಿತ್ತು, ಇಲ್ಲವೇ ತಪ್ಪು ಅಡಾಪ್ಟರ್ ಚುಚ್ಚಿದ್ದರು. ಇದನ್ನು ನೋಡಲು ಎಲೆಕ್ಟ್ರಾನಿಕ್ಸ್ ಡಿಗ್ರಿ ಬೇಡ. ತಾಳ್ಮೆ ಬೇಕು. ಜೊತೆಗೆ ಮೊದಲು ಏನನ್ನು ಉಳಿಸಿಕೊಳ್ಳಬೇಕು ಎಂಬ ಅಂದಾಜು ಬೇಕು. ಆ ಕೊನೆಯ ಮಾತನ್ನು ಸ್ವಲ್ಪ ಮುಂದೆ ವಿವರವಾಗಿ ಹೇಳುತ್ತೇನೆ.

ಹಳೇದು ಎಂದರೆ ಎಷ್ಟು ಹಳೇದು?

ಮನೆಮನೆಯ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳ ಕಾಲ ಶುರುವಾದದ್ದು 1980ರ ಹೊತ್ತಿಗೆ. ಕ್ಯಾಲ್ಕುಲೇಟರ್, ವಾಚ್ ಮಾಡುತ್ತಿದ್ದ ಜಪಾನಿನ ಕ್ಯಾಸಿಯೊ ಆ ವರ್ಷ ಕ್ಯಾಸಿಯೊಟೋನ್ 201 ಬಿಡುಗಡೆ ಮಾಡಿತು. 1983ರಲ್ಲಿ ಯಮಹಾದ ಡಿಎಕ್ಸ್7 ಬಂತು. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ಎಂಬ ವಿಧಾನದಲ್ಲಿ ಸದ್ದು ಹುಟ್ಟಿಸುತ್ತಿದ್ದ ಈ ಸಿಂಥಸೈಸರ್ ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಎಂಬತ್ತರ ದಶಕದ ಹಾಡುಗಳಲ್ಲಿ ಕೇಳುವ ಆ ಗಾಜಿನಂಥ ಪಿಯಾನೊ, ಗಂಟೆಯ ಸದ್ದು ನೆನಪಿದ್ದರೆ ಅದರಲ್ಲಿ ದೊಡ್ಡ ಪಾಲು ಇದರದ್ದೇ. 1985ರ ಕ್ಯಾಸಿಯೊ ಎಸ್‌ಕೆ-1 ಪುಟ್ಟ ಆಟಿಕೆಯಂತಿದ್ದರೂ ನಿಮ್ಮ ಧ್ವನಿಯನ್ನು ಸುಮಾರು 1.4 ಸೆಕೆಂಡ್ ರೆಕಾರ್ಡ್ ಮಾಡಿ ಅದನ್ನೇ ಸ್ವರವಾಗಿ ನುಡಿಸುತ್ತಿತ್ತು. 1988ರಲ್ಲಿ ಕೋರ್ಗ್ ಎಂ1 ಬಂತು.

ಕೀಬೋರ್ಡ್‌ಗೂ ಸಿಂಥ್‌ಗೂ ವ್ಯತ್ಯಾಸ ಎಂತ ಎಂದು ಕೇಳುವವರಿಗೆ ಸುಲಭದ ಉತ್ತರ: ಕೀಬೋರ್ಡ್‌ನಲ್ಲಿ ಕಂಪನಿ ತುಂಬಿಸಿಕೊಟ್ಟ ಸದ್ದುಗಳನ್ನು ನೀವು ಆರಿಸುತ್ತೀರಿ. ಸಿಂಥ್‌ನಲ್ಲಿ ನಿಮ್ಮದೇ ಸದ್ದು ಕಟ್ಟಿ, ಅದಕ್ಕೊಂದು ಹೆಸರಿಟ್ಟು, ಒಳಗೇ ಉಳಿಸಬಹುದು.

ಅಗ್ಗದ ವಾದ್ಯ ಎಂದು ಯಾವುದನ್ನೂ ತಳ್ಳಿಹಾಕಬೇಡಿ. ಕ್ಯಾಸಿಯೊದ ಪುಟ್ಟ ಎಂಟಿ-40 ಕೀಬೋರ್ಡ್‌ನಲ್ಲಿ ಕಂಪನಿಯ ಒಕುಡಾ ಹಿರೊಕೊ ಎಂಬ ಯುವತಿ ಬರೆದ ಒಂದು 'ರಾಕ್' ತಾಳ ಇತ್ತು. 1985ರಲ್ಲಿ ಜಮೈಕಾದ ಸಂಗೀತಗಾರರು ಅದನ್ನು ನಿಧಾನ ಮಾಡಿ ಬಳಸಿದರು. ರೆಗ್ಗೆ ಸಂಗೀತದ ದಾರಿಯೇ ತಿರುಗಿತು. ನಮ್ಮಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್‌ನ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳದಲ್ಲಿ ನುಡಿಸಿದ ರೆಕಾರ್ಡ್ ಹೊರತಂದರು. ಆಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತಿನ ಡಾನ್ಸ್ ಸಂಗೀತದವರು ಬೆರಗಾದರು.

ಕರ್ನಾಟಕದ್ದೇ ಉದಾಹರಣೆ ಬೇಕಾ? ಕೊಳಲು ವಾದಕರೂ ಆದ ಎಂಜಿನಿಯರ್ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ, ತಬಲಾಗಳು ಸಂಗೀತ ಕಲಿಯುವ ಮನೆಗಳಿಗೆಲ್ಲ ಗೊತ್ತು. ಯಕ್ಷಗಾನದ ಹಿಮ್ಮೇಳದಲ್ಲೂ ಇವತ್ತು ಶ್ರುತಿ ಹಿಡಿಯುವುದು ಎಲೆಕ್ಟ್ರಾನಿಕ್ ಪೆಟ್ಟಿಗೆಯೇ. ಮುಂದೆ ಹೇಳುವ ರಿಪೇರಿ ಪಾಠಗಳಲ್ಲಿ ಅರ್ಧ ಅವಕ್ಕೂ ಅನ್ವಯಿಸುತ್ತದೆ.

ಬಿಚ್ಚುವ ಮೊದಲು ಅಡಾಪ್ಟರ್ ನೋಡಿ

"ಆನ್ ಆಗುದೇ ಇಲ್ಲ" ಎಂದು ಬರುವ ಕೀಬೋರ್ಡ್‌ನ ಜೊತೆ ನಾನು ಮೊದಲು ಕೇಳುವುದು ಅಡಾಪ್ಟರ್. ಒರಿಜಿನಲ್ ಯಾವಾಗಲೋ ಕಳೆದುಹೋಗಿರುತ್ತದೆ. ಬದಲಿಗೆ ವೈಫೈ ರೂಟರ್‌ನದ್ದನ್ನು ಚುಚ್ಚಿರುತ್ತಾರೆ. ಪಿನ್ ಸರಿಯಾಗಿ ಕೂರುತ್ತದಲ್ಲ, ಹಾಗಾಗಿ ಸಂಶಯ ಬರುವುದಿಲ್ಲ.

ಇಲ್ಲೇ ಅಪಾಯ. ಹಳೇ ಕ್ಯಾಸಿಯೊಗಳಲ್ಲಿ ಹೆಚ್ಚಿನವು 9 ವೋಲ್ಟ್, ಪಿನ್ನಿನ ಒಳಭಾಗ ಮೈನಸ್. ಯಮಹಾದ ಪಿಎಸ್‌ಆರ್ ಸರಣಿಯ ಹೆಚ್ಚಿನವು 12 ವೋಲ್ಟ್, ಒಳಭಾಗ ಪ್ಲಸ್. ಈಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಡಾಪ್ಟರ್‌ಗಳೂ ಒಳಗೆ ಪ್ಲಸ್. ಅದನ್ನು ಹಳೇ ಕ್ಯಾಸಿಯೊಗೆ ಚುಚ್ಚಿದರೆ ಕರೆಂಟ್ ಉಲ್ಟಾ ಹೋಗುತ್ತದೆ. ಅದೃಷ್ಟ ಇದ್ದರೆ ರಕ್ಷಣೆಗೆ ಹಾಕಿದ ಒಂದು ಡಯೋಡ್ ಸತ್ತು ಉಳಿದದ್ದನ್ನು ಕಾಪಾಡುತ್ತದೆ. ಇಲ್ಲದಿದ್ದರೆ ಇಲ್ಲ.

ಕೀಬೋರ್ಡ್‌ನ ಹಿಂಬದಿ ಸಾಕೆಟ್ ಪಕ್ಕ ಒಂದು ಪುಟ್ಟ ಚಿತ್ರ ಇರುತ್ತದೆ: ಅರ್ಧವೃತ್ತದೊಳಗೊಂದು ಚುಕ್ಕೆ, ಎರಡು ಬದಿ ಪ್ಲಸ್, ಮೈನಸ್. ಚುಕ್ಕೆಗೆ ಸೇರಿದ ಚಿಹ್ನೆ ಯಾವುದೋ ಅದೇ ಪಿನ್ನಿನ ಒಳಭಾಗ. ಅಡಾಪ್ಟರ್ ಮೇಲೂ ಅದೇ ಚಿತ್ರ ಇರಬೇಕು. ವೋಲ್ಟ್ ಒಂದೇ ಇರಬೇಕು. ಆಂಪಿಯರ್ ಮಾತ್ರ ಜಾಸ್ತಿ ಇದ್ದರೂ ತೊಂದರೆ ಇಲ್ಲ.

ಒಂದು ಮಲ್ಟಿಮೀಟರ್ ಮನೆಯಲ್ಲಿ ಇಟ್ಟುಕೊಳ್ಳಿ, ದುಬಾರಿಯದ್ದೇನೂ ಬೇಡ. ಅಡಾಪ್ಟರ್ ಸತ್ತಿದೆಯೋ ಕೀಬೋರ್ಡೋ ಎಂದು ಅದು ಒಂದು ನಿಮಿಷದಲ್ಲಿ ಹೇಳುತ್ತದೆ.

ಎರಡು ಎಚ್ಚರಿಕೆ. ಡಿಎಕ್ಸ್7, ಎಂ1ನಂಥ ದೊಡ್ಡ ಸಿಂಥ್‌ಗಳಿಗೆ ಹೊರಗಿನ ಅಡಾಪ್ಟರ್ ಇರುವುದಿಲ್ಲ, ಗೋಡೆಯ 230 ವೋಲ್ಟ್ ಸೀದಾ ಒಳಗೆ ಹೋಗುತ್ತದೆ. ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈ ಭಾಗದ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು. ಅಭ್ಯಾಸ ಇಲ್ಲದವರು ಆ ಭಾಗಕ್ಕೆ ಕೈ ಹಾಕಬೇಡಿ, ಗೊತ್ತಿದ್ದವರ ಹತ್ತಿರ ಮಾಡಿಸಿ. ಇನ್ನೊಂದು, ಜಪಾನಿನಿಂದ ಬಂದ ಯಂತ್ರವಾದರೆ ಹಿಂಬದಿ 100 ವೋಲ್ಟ್ ಎಂದು ಬರೆದಿರಬಹುದು. ನಮ್ಮ ಪ್ಲಗ್‌ಗೆ ಹಾಕಿದರೆ ಕತೆ ಮುಗಿಯಿತು. ಅದಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಕೀ ಒತ್ತಿದರೂ ಸದ್ದಿಲ್ಲ

ನನ್ನ ಮೇಜಿಗೆ ಬರುವ ಅತಿ ಸಾಮಾನ್ಯ ಕಾಯಿಲೆ ಇದು. ಬಿಚ್ಚುವ ಮೊದಲು ಒಂದು ಹಾಳೆಯಲ್ಲಿ ಯಾವ ಯಾವ ಕೀ ಕೆಲಸ ಮಾಡುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ. ಆ ಹಾಳೆಯೇ ಅರ್ಧ ಉತ್ತರ ಹೇಳುತ್ತದೆ.

ಏಕೆಂದರೆ 61 ಕೀಗಳಿಗೆ 61 ವಯರ್ ಎಳೆದಿರುವುದಿಲ್ಲ. ಊರಿನ ಅಡ್ಡರಸ್ತೆ, ಉದ್ದರಸ್ತೆಗಳ ಹಾಗೆ ಒಂದು ಜಾಲ ಮಾಡಿರುತ್ತಾರೆ. 8 ಅಡ್ಡ, 8 ಉದ್ದ ಗೆರೆಗಳಾದರೆ 64 ಕೂಡುಗಳು, 61 ಕೀಗಳಿಗೆ ಸಾಕು. ನೀವು ಒತ್ತಿದ ಕೀ ಯಾವ ಅಡ್ಡರಸ್ತೆ ಯಾವ ಉದ್ದರಸ್ತೆಯನ್ನು ಸೇರಿಸಿತು ಎಂದು ಒಳಗಿನ ಚಿಪ್ ಸೆಕೆಂಡಿಗೆ ನೂರಾರು ಸಲ ನೋಡುತ್ತಲೇ ಇರುತ್ತದೆ.

ಹಾಗಾಗಿ ಅಲ್ಲೊಂದು ಇಲ್ಲೊಂದು ಕೀ ಸತ್ತಿದ್ದರೆ ಅದು ಕೊಳೆ. ಸಾಲಾಗಿ ಎಂಟು ಕೀ ಸತ್ತಿದ್ದರೆ, ಅಥವಾ ಸರಿಯಾಗಿ ಪ್ರತಿ ಎಂಟನೆಯ ಕೀ ಸತ್ತಿದ್ದರೆ, ಒಂದು "ರಸ್ತೆ"ಯೇ ಬಂದ್ ಆಗಿದೆ ಎಂದರ್ಥ: ರಿಬ್ಬನ್ ಕೇಬಲ್ ಸಡಿಲವಾಗಿದೆ ಅಥವಾ ಬೋರ್ಡ್ ಮೇಲಿನ ತಾಮ್ರದ ಗೆರೆ ತುಂಡಾಗಿದೆ. ಆಗ ಕೀಗಳನ್ನು ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ. ಕನೆಕ್ಟರನ್ನು ಒಮ್ಮೆ ಎಳೆದು ಪುನಃ ಕೂರಿಸಿ ನೋಡಿ. ಅರ್ಧದಷ್ಟು ಸಲ ಅಷ್ಟೇ ಸಾಕಾಗುವುದನ್ನು ನಾನು ಕಂಡಿದ್ದೇನೆ.

ಕೊಳೆಯಾದರೆ ಬಿಚ್ಚಲೇಬೇಕು. ಪ್ರತಿ ಹಂತಕ್ಕೂ ಫೋನ್‌ನಲ್ಲಿ ಒಂದು ಫೋಟೊ. ಸ್ಕ್ರೂಗಳು ಒಂದೇ ಅಳತೆಯವಲ್ಲ. ಮೊಟ್ಟೆ ಇಡುವ ಟ್ರೇಯಲ್ಲಿ ಜಾಗದ ಪ್ರಕಾರ ಬೇರೆ ಬೇರೆ ಹಾಕಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಪಿದರೆ ಮೇಲಿನ ಪ್ಲಾಸ್ಟಿಕ್ ಒಡೆದು ಬರುತ್ತದೆ.

ಕೀಗಳ ಅಡಿಯಲ್ಲಿ ರಬ್ಬರಿನ ಪಟ್ಟಿ ಸಿಗುತ್ತದೆ. ಅದರ ಪ್ರತಿ ಗುಬ್ಬಿಯ ಒಳಗೆ ಕಪ್ಪು ಕಾರ್ಬನ್ ಬಿಲ್ಲೆ. ಕೀ ಒತ್ತಿದಾಗ ಬಿಲ್ಲೆ ಬೋರ್ಡಿನ ಗೆರೆಗಳನ್ನು ಸೇರಿಸುತ್ತದೆ. ಮೆಲ್ಲ ಒತ್ತಿದರೆ ಮೆಲ್ಲ, ಜೋರಾಗಿ ಒತ್ತಿದರೆ ಜೋರು ಸದ್ದು ಬರುವ ಕೀಬೋರ್ಡಾದರೆ ಪ್ರತಿ ಕೀಗೆ ಎರಡು ಬಿಲ್ಲೆ. ಮೊದಲನೆಯದು ತಾಗಿ ಎರಡನೆಯದು ತಾಗುವವರೆಗಿನ ಸಮಯವನ್ನು ಅಳೆದು ಎಷ್ಟು ವೇಗವಾಗಿ ಒತ್ತಿದಿರಿ ಎಂದು ಚಿಪ್ ಲೆಕ್ಕ ಹಾಕುತ್ತದೆ. ಎರಡರಲ್ಲಿ ಒಂದಕ್ಕೆ ಕೊಳೆ ಹಿಡಿದರೆ ಆ ಸ್ವರ ಬರುವುದೇ ಇಲ್ಲ, ಇಲ್ಲವಾದರೆ ಎಷ್ಟು ಮೆಲ್ಲ ಒತ್ತಿದರೂ ಕಿರುಚುತ್ತದೆ.

ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, ಶೇ 99ರದ್ದು. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಉಳಿದಿದೆ ಎಂದು ಅದನ್ನು ಹಾಕಬೇಡಿ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯಲ್ಲಿ ಬೋರ್ಡಿನ ಗೆರೆಗಳನ್ನು ಒರೆಸಿ. ಬಿಲ್ಲೆಗಳನ್ನು ಮೆಲ್ಲ ಮುಟ್ಟಿದರೆ ಸಾಕು, ತಿಕ್ಕಿದರೆ ಕಾರ್ಬನ್ನೇ ಹೋಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಗ್ಯಾಸ್ ಒಲೆ ಬೇಡ. ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಒಳಗೆ ಎಂತೆಲ್ಲ ಸಿಗುತ್ತದೆ ಎಂದು ಕೇಳಬೇಡಿ. ಇರುವೆ ಗೂಡು, ಜಿರಳೆ, ಹಲ್ಲಿಮೊಟ್ಟೆ, ಎಲ್‌ಕೆಜಿಯ ಮಗು ತೂರಿಸಿದ ಒಂದು ರೂಪಾಯಿ ನಾಣ್ಯ.

ಸೆಲ್ ಕಕ್ಕಿದೆ, ಗುಂಯ್ ಎನ್ನುತ್ತಿದೆ

ಬ್ಯಾಟರಿ ಡಬ್ಬಿ ತೆರೆದಾಗ ಬಿಳಿ ಅಥವಾ ಹಸಿರು ಹುಡಿ ಕಂಡರೆ ಒಳಗಿದ್ದ ಸೆಲ್ ಯಾವುದು ಎಂದು ನೋಡಿ. ಆಲ್ಕಲೈನ್ ಸೆಲ್ ಕಕ್ಕಿದ್ದು ಕ್ಷಾರ, ಅದಕ್ಕೆ ವಿನೆಗರ್ ಅಥವಾ ಲಿಂಬೆ ರಸದಲ್ಲಿ ಅದ್ದಿದ ಹತ್ತಿಕಡ್ಡಿ. ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಝಿಂಕ್ ಕಾರ್ಬನ್ ಸೆಲ್ ಕಕ್ಕಿದ್ದು ಆಮ್ಲ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಕೊನೆಗೆ ಆಲ್ಕೊಹಾಲ್‌ನಲ್ಲಿ ಒರೆಸಿ ಒಣಗಿಸಿ. ಸ್ಪ್ರಿಂಗ್ ತುಕ್ಕು ತಿಂದಿದ್ದರೆ ಬದಲಿಸಿ. ಕೈಗೆ ಗ್ಲೌಸ್ ಇರಲಿ.

ಸ್ಪೀಕರ್‌ನಿಂದ ನಿಲ್ಲದ "ಗುಂಯ್" ಬರುತ್ತಿದ್ದರೆ ಸಂಶಯ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಮೇಲೆ. ನೋಡಲು ಪುಟ್ಟ ಡಬ್ಬಿಯಂತಿರುವ ಇವುಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಅವು ದುರ್ಬಲವಾದಾಗ ನಮ್ಮ 50 ಹರ್ಟ್ಸ್ ಕರೆಂಟಿನ ದುಪ್ಪಟ್ಟು, ಅಂದರೆ 100 ಹರ್ಟ್ಸ್ ಸದ್ದು ಸ್ಪೀಕರ್‌ಗೆ ನುಸುಳುತ್ತದೆ. ಕಿವಿ ಇರುವವರಿಗೆ ಒಂದು ಗುರುತು: ಅದು ಕೆಳಗಿನ ಜಿ ಸ್ವರಕ್ಕೆ ತುಂಬಾ ಹತ್ತಿರ. ಮೊದಲು ಬೇರೆ ಅಡಾಪ್ಟರ್ ಅಥವಾ ಸೆಲ್ ಹಾಕಿ ನೋಡಿ. ಆಗ ಗುಂಯ್ ನಿಂತರೆ ತಪ್ಪು ಅಡಾಪ್ಟರ್‌ನದ್ದು, ಕೀಬೋರ್ಡ್ ಬಿಚ್ಚುವುದೇ ಬೇಡ.

ಕೆಪಾಸಿಟರ್ ಬದಲಿಸಬೇಕಾದರೆ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದ್ದು ಸಿಕ್ಕಿದರೆ ಒಳ್ಳೆಯದು. ಮೈನಸ್ ಪಟ್ಟಿ ಯಾವ ಬದಿಗಿತ್ತು ಎಂದು ಫೋಟೊ ತೆಗೆಯದೆ ಹಳೆಯದನ್ನು ಕೀಳಬೇಡಿ. 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸಾಕು. ಮೊದಲ ಅಭ್ಯಾಸವನ್ನು ಸತ್ತ ರೇಡಿಯೊ ಬೋರ್ಡಿನ ಮೇಲೆ ಮಾಡಿ. ಸಾಮಾನ್ಯ ಸೋಲ್ಡರ್‌ನಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಬನ್ಸ್ ತಿನ್ನಲು ಕೂರಬೇಡಿ.

ವಾಲ್ಯೂಮ್ ತಿರುಗಿಸಿದಾಗ ಬರ್ ಬರ್ ಎನ್ನುವುದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಹೊಡೆದು ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿ. ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳನ್ನು ಹಿಡಿದಿಡುತ್ತದೆ.

ಬ್ಯಾಟರಿ ಬದಲಿಸುವ ಮೊದಲು ಒಂದು ಪ್ರಶ್ನೆ

ಈಗ ಆಗಲೇ ಹೇಳಿದ ಮಾತಿಗೆ ಬರುತ್ತೇನೆ. ಇದು ಸಿಂಥ್ ಇರುವ ಮನೆಯವರು ತಪ್ಪದೆ ಓದಬೇಕಾದ ಭಾಗ.

ಹಲವು ಸಿಂಥ್‌ಗಳ ಒಳಗೆ ಒಂದು ರೂಪಾಯಿ ನಾಣ್ಯದಂಥ 3 ವೋಲ್ಟ್ ಲಿಥಿಯಂ ಸೆಲ್ ಇರುತ್ತದೆ. ಸಿಂಥ್ ಆಫ್ ಇದ್ದಾಗ ಅದರ ನೆನಪನ್ನು ಉಳಿಸುವುದು ಈ ಸೆಲ್. ಅದು ಸತ್ತರೆ, ಅಥವಾ ನೀವದನ್ನು ಕಿತ್ತರೆ, ನುಡಿಸುವವರು ಕಟ್ಟಿದ ಸದ್ದುಗಳೆಲ್ಲ ಆ ಕ್ಷಣಕ್ಕೆ ಅಳಿಸಿಹೋಗುತ್ತವೆ. ಕಂಪನಿಯ ಸದ್ದುಗಳು ಇಂಟರ್‌ನೆಟ್‌ನಲ್ಲಿ ಪುನಃ ಸಿಗುತ್ತವೆ. ಮನೆಯವರು ಮಾಡಿದ್ದು ಎಲ್ಲೂ ಸಿಗುವುದಿಲ್ಲ.

ನಮ್ಮ ಬೀದಿಯಲ್ಲೇ ಇರುವ ಒಬ್ಬ ಹಿರಿಯರು ಕಳೆದ ವರ್ಷ ಒಂದು ಡಿಎಕ್ಸ್7 ತಂದರು. ಬಹರೈನ್‌ನಲ್ಲಿ ಕೆಲಸದಲ್ಲಿದ್ದಾಗ ಸಂಬಳ ಕೂಡಿಸಿ ತೆಗೆದುಕೊಂಡದ್ದಂತೆ. ಊರಿಗೆ ಬಂದ ಮೇಲೆ ಇಪ್ಪತ್ತು ವರ್ಷ ಕೊಯರ್‌ನಲ್ಲಿ ಅದೇ. ಈಗ ಬೆರಳುಗಳಿಗೆ ಸಂಧಿವಾತ, ಎಂಟು ವರ್ಷದಿಂದ ನುಡಿಸಿಲ್ಲ. ಮೊಮ್ಮಗಳು ಕಲಿಯಬೇಕು ಎಂದಳು, ಅದಕ್ಕೆ ಹೊರಬಂತು.

"ಬ್ಯಾಟರಿ ಒಂದು ಚೇಂಜ್ ಮಾಡಿ ಕೊಡು ಪುತಾ, ಬೇರೆ ಎಲ್ಲ ಸರಿ ಉಂಟು," ಎಂದರು.

"ಅಂಕಲ್, ಇದರೊಳಗೆ ನೀವೇ ಮಾಡಿದ ಸೌಂಡ್ ಎಂತಾದರೂ ಉಂಟಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಉಂಟು. ಹನ್ನೊಂದು."

ಒಂದು ಈಸ್ಟರ್ ಜಾಗರಣೆಯ ಪೂಜೆಗೆ ಮಾಡಿದ ಗಂಟೆ. ಪವಿತ್ರ ಗುರುವಾರದಿಂದ ಗಂಟೆಗಳು ಮೌನವಾಗಿರುತ್ತವೆ, ಶನಿವಾರ ರಾತ್ರಿ ಗ್ಲೋರಿಯಾ ಹಾಡುವಾಗ ಪುನಃ ಮೊಳಗುತ್ತವೆ. ಆ ಕ್ಷಣಕ್ಕೆಂದು ತಿಂಗಳುಗಟ್ಟಲೆ ತಿದ್ದಿ ಮಾಡಿದ ಸದ್ದಂತೆ. ಇನ್ನೊಂದು ರೋಸ್‌ನ ಹಾಡುಗಳಿಗೆ ಮಾಡಿದ ಪಿಟೀಲು. ಡಿಎಕ್ಸ್7ನಲ್ಲಿ ಪ್ರತಿ ಸದ್ದಿಗೂ ಹತ್ತು ಅಕ್ಷರದ ಹೆಸರಿಡಬಹುದು. ಒಂದಕ್ಕೆ ತೀರಿಹೋದ ಹೆಂಡತಿಯ ಹೆಸರಿತ್ತು.

ಒಳಗಿನ ಬ್ಯಾಟರಿ ಎಷ್ಟು ಉಳಿದಿದೆ ಎಂದು ಡಿಎಕ್ಸ್7 ಪರದೆಯಲ್ಲೇ ತೋರಿಸುತ್ತದೆ. ಮೂರರ ಆಸುಪಾಸು ಇರಬೇಕಾದದ್ದು ಎರಡೂಕಾಲಕ್ಕೆ ಇಳಿದಿತ್ತು. ಇನ್ನು ಕಾಯುವ ಹಾಗಿರಲಿಲ್ಲ.

ಕೆಲಸ ಹೀಗೆ. ಸಿಂಥ್‌ನ ಮಿಡಿ ಔಟ್‌ನಿಂದ ಯುಎಸ್‌ಬಿ ಮಿಡಿ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಬೇಕು. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಸಿಸೆಕ್ಸ್ ಲೈಬ್ರೇರಿಯನ್ ಎಂಬ ತಂತ್ರಾಂಶಗಳಿವೆ. ಅವು ಕೇಳುತ್ತಿರುವಾಗ ಸಿಂಥ್‌ನಿಂದ ಎಲ್ಲ ಸದ್ದುಗಳ ವಿವರವನ್ನು ಒಟ್ಟಿಗೆ ಕಳಿಸಬೇಕು. 32 ಸದ್ದುಗಳ ಪೂರ್ತಿ ಕಟ್ಟು 4,104 ಬೈಟ್. ಬೆಳಗ್ಗೆ ಬರುವ ಗುಡ್ ಮಾರ್ನಿಂಗ್ ಹೂವಿನ ಫೋಟೊ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಒಂದು ಎಚ್ಚರ: ತೀರಾ ಅಗ್ಗದ ಮಿಡಿ ಕೇಬಲ್‌ಗಳು ಸ್ವರಗಳನ್ನು ಸರಿಯಾಗಿ ಕಳಿಸಿದರೂ ಇಂಥ ಕಟ್ಟನ್ನು ನಡುವೆ ತುಂಡು ಮಾಡುತ್ತವೆ. ಫೈಲ್‌ನ ಗಾತ್ರ ಸರಿಯಾಗಿ 4,104 ಇದೆಯಾ ನೋಡಿ. ಎರಡು ಸಲ ತೆಗೆದು ಎರಡನ್ನೂ ಹೋಲಿಸಿ.

ನಂತರ ಡೆಕ್ಸೆಡ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಫೈಲ್ ತೆರೆದೆ. ಅದು ಡಿಎಕ್ಸ್7ನ ಹಾಗೆಯೇ ಸದ್ದು ಮಾಡುತ್ತದೆ. 32 ಹೆಸರುಗಳೂ ಸಾಲಾಗಿ ಬಂದವು. ಅವರೆದುರೇ ಗಂಟೆ ನುಡಿಸಿದೆ.

ಅಂಕಲ್ ತಲೆ ಬಾಗಿಸಿ ಕೇಳಿದರು. "ಸ್ವಲ್ಪ ಜೋರಾಯಿತಲ್ಲ?" ಎಂದರು. ಅಷ್ಟೇ. ಮತ್ತೆ ಕನ್ನಡಕ ಒರೆಸಿಕೊಂಡರು.

ಆಮೇಲೆಯೇ ಬ್ಯಾಟರಿ ತೆಗೆದದ್ದು. ಡಿಎಕ್ಸ್7ನಲ್ಲಿ ಅದನ್ನು ಬೋರ್ಡಿಗೇ ಸೋಲ್ಡರ್ ಮಾಡಿರುತ್ತಾರೆ. ಕಿತ್ತು, ಆ ಜಾಗದಲ್ಲಿ ಒಂದು ಸೆಲ್ ಹೋಲ್ಡರ್ ಹಾಕಿದೆ. ಮುಂದಿನ ಸಲ ಯಾರು ಬೇಕಾದರೂ ವಾಚ್ ಸೆಲ್ ಬದಲಿಸಿದಂತೆ ಬದಲಿಸಬಹುದು. ಆನ್ ಮಾಡಿದಾಗ ನೆನಪು ಪೂರ್ತಿ ಖಾಲಿ, ಪರದೆ ತುಂಬ ಅರ್ಥವಿಲ್ಲದ ಅಕ್ಷರ. ಮೆಮೊರಿ ಪ್ರೊಟೆಕ್ಟ್ ಆಫ್ ಮಾಡಿ ಫೈಲನ್ನು ವಾಪಸ್ ಕಳಿಸಿದ ಕೂಡಲೇ ಹನ್ನೊಂದೂ ಬಂದು ಕೂತವು. ಫೈಲ್‌ನ ಒಂದು ಪ್ರತಿ ಈಗ ಮಸ್ಕತ್‌ನಲ್ಲಿರುವ ಅವರ ಮಗಳ ಫೋನ್‌ನಲ್ಲೂ ಇದೆ.

ಈ ಸೆಲ್‌ಗಳು ಹತ್ತು, ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬಾಳುತ್ತವೆ. ಎಂಬತ್ತು, ತೊಂಬತ್ತರ ದಶಕದ ಸಿಂಥ್ ನಿಮ್ಮ ಮನೆಯಲ್ಲಿದ್ದು ಇನ್ನೂ ಹಳೇ ಸೆಲ್ ಇದ್ದರೆ ಅದು ಕೊನೆಯ ದಿನಗಳಲ್ಲಿದೆ. ರಿಪೇರಿಗೆ ಕೊಡುವವರಾದರೂ ಸರಿ, "ಮೊದಲು ಮೆಮೊರಿ ಬ್ಯಾಕಪ್ ತೆಗೀರಿ" ಎಂದು ಹೇಳಿಯೇ ಕೊಡಿ.

ಅಪ್‌ಗ್ರೇಡ್ ಮಾಡುವುದಾದರೆ

ಹಳೇ ಯಂತ್ರಕ್ಕೆ ಹೊಸ ಕೆಲಸ ಕೊಡುವುದು ಇನ್ನೂ ಮಜಾ.

ಫೋನ್‌ಗೆ ಜೋಡಿಸಿ: ಹಿಂಬದಿ ಐದು ತೂತಿನ ಗುಂಡು ಸಾಕೆಟ್ ಇದ್ದರೆ ಅದು ಮಿಡಿ. 1983ರಲ್ಲಿ ಬೇರೆ ಬೇರೆ ಕಂಪನಿಗಳು ಸೇರಿ ಒಪ್ಪಿಕೊಂಡ ಈ ಭಾಷೆ ಇವತ್ತಿಗೂ ಹಾಗೇ ಇದೆ. ಅದನ್ನು ಮುನ್ನಡೆಸಿದ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್‌ನ ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು. ಮಿಡಿಯಲ್ಲಿ ಹರಿಯುವುದು ಸದ್ದಲ್ಲ, "ಈ ಕೀ ಒತ್ತಿದರು, ಇಷ್ಟು ಜೋರಾಗಿ" ಎಂಬ ಸುದ್ದಿ. ಹಾಗಾಗಿ ಕೀಬೋರ್ಡಿನ ಸ್ಪೀಕರ್ ಹೋಗಿದ್ದರೂ ಯುಎಸ್‌ಬಿ ಮಿಡಿ ಇಂಟರ್‌ಫೇಸ್, ಒಟಿಜಿ ಕನೆಕ್ಟರ್ ಹಾಕಿ ಆಂಡ್ರಾಯ್ಡ್ ಫೋನ್‌ನ ಪಿಯಾನೊ ಆ್ಯಪ್ ನುಡಿಸಬಹುದು.

ಮಿಡಿ ಇಲ್ಲದ ಕ್ಯಾಸಿಯೊ: ಒಳಗಿನ ಚಿಪ್ ಸತ್ತಿದ್ದರೂ ಕೀಗಳ ಜಾಲ ಚೆನ್ನಾಗಿದ್ದರೆ ಆರ್ಡುಯಿನೊ ಪ್ರೊ ಮೈಕ್ರೊ ಎಂಬ ಪುಟ್ಟ ಬೋರ್ಡನ್ನು ಆ 16 ಗೆರೆಗಳಿಗೆ ಜೋಡಿಸಿ ಯುಎಸ್‌ಬಿ ಕೀಬೋರ್ಡಾಗಿ ಪರಿವರ್ತಿಸಬಹುದು. ಸ್ವಲ್ಪ ಕೋಡಿಂಗ್ ಬರುವವರಿಗೆ ಎರಡು ವಾರಾಂತ್ಯದ ಕೆಲಸ.

ಫ್ಲಾಪಿ ಬದಲು ಪೆನ್‌ಡ್ರೈವ್: ಆರ್ಕೆಸ್ಟ್ರಾದವರ ತೊಂಬತ್ತರ ದಶಕದ ಕೀಬೋರ್ಡ್‌ಗಳಲ್ಲಿ ಫ್ಲಾಪಿ ಡ್ರೈವ್ ಇರುತ್ತದೆ. ಸೋನಿ 2011ರಲ್ಲೇ ಫ್ಲಾಪಿ ಮಾರಾಟ ನಿಲ್ಲಿಸಿತು. ನಮ್ಮ ಕರಾವಳಿಯ ತೇವಕ್ಕೆ ಉಳಿದ ಫ್ಲಾಪಿಗಳಿಗೂ ಬೂಸ್ಟು ಹಿಡಿದಿದೆ. ಗೋಟೆಕ್ ಎಂಬ ಪೆಟ್ಟಿಗೆ ಅದೇ ಜಾಗದಲ್ಲಿ ಕೂತು ಪೆನ್‌ಡ್ರೈವನ್ನು ಫ್ಲಾಪಿ ಎಂದು ನಂಬಿಸುತ್ತದೆ. ನಿಮ್ಮ ಮಾಡೆಲ್‌ಗೆ ಹೊಂದುತ್ತದಾ ಎಂದು ನೋಡಿಯೇ ಕೊಳ್ಳಿ. ಹಳೇ ಫ್ಲಾಪಿಗಳು ಓದುತ್ತಿರುವಾಗಲೇ ಅದರೊಳಗಿನ ಹಾಡುಗಳನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಿ.

ಮಾಸಿದ ಪರದೆ: ಪರದೆಯ ಹಿಂದಿನ ಹಳೇ ಬೆಳಕಿನ ಹಾಳೆ ಮಂಕಾಗಿ ಕೀರಲು ಸದ್ದು ಮಾಡುತ್ತಿದ್ದರೆ ಎಲ್‌ಇಡಿ ಹಾಕಬಹುದು. ಹಳೇ ಹಾಳೆಗೆ ಹೋಗುವ ಹೈ ವೋಲ್ಟೇಜ್ ವಯರ್ ಮೊದಲು ತೆಗೆಯಬೇಕು.

ಎಲ್ಲಿ ನಿಲ್ಲಬೇಕು?

ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ಕಂಪನಿಯೇ ಮಾಡಿದ ವಿಶೇಷ ಚಿಪ್ ಸುಟ್ಟಿದ್ದರೆ ಅದೇ ಮಾಡೆಲ್‌ನ ಇನ್ನೊಂದು ಸತ್ತ ಯಂತ್ರ ಸಿಗಬೇಕು. ಕಲಿಯುವ ಮಗುವಿಗೆ ಕೀಬೋರ್ಡ್ ಬೇಕು ಎಂಬುದಷ್ಟೇ ಉದ್ದೇಶವಾದರೆ ತಬಲಾ, ಡೋಲಕ್ ತಾಳಗಳಿರುವ ಯಮಹಾದ ಪಿಎಸ್‌ಆರ್-ಐ ಸರಣಿ, ಕ್ಯಾಸಿಯೊದ ಐಎನ್ ಮಾಡೆಲ್‌ಗಳು ಭಾರತಕ್ಕೆಂದೇ ಬಂದಿವೆ. ಹೊಸದು ಅಥವಾ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದೇ ಲಾಭ.

ನನ್ನ ಲೆಕ್ಕ ಸರಳ. ಕೊಳೆ, ಅಡಾಪ್ಟರ್, ಸೆಲ್, ವಯರ್, ಕೆಪಾಸಿಟರ್ ಇವು ಐದರಲ್ಲಿ ಒಂದಾದರೆ ಮಾಡುತ್ತೇನೆ. ಅದರಾಚೆಗೆ ಹೋದರೆ ಮನೆಯವರನ್ನು ಕೇಳುತ್ತೇನೆ: ಇದರ ಮೇಲೆ ಎಷ್ಟು ಮನಸ್ಸುಂಟು?

ಬಿಡಿಭಾಗಗಳಿಗೆ ಮಂಗಳೂರಿನ ಅಂಗಡಿಗಳಲ್ಲಿ ಕೆಪಾಸಿಟರ್, ಸೆಲ್ ಹೋಲ್ಡರ್, ಡಯೋಡ್ ಸಿಗುತ್ತವೆ. ಅಪರೂಪದ್ದಕ್ಕೆ ಬೆಂಗಳೂರಿನ ಎಸ್‌ಪಿ ರೋಡ್, ಅಥವಾ ಆನ್‌ಲೈನ್. ಮಾಡೆಲ್ ಸಂಖ್ಯೆಯ ಜೊತೆ "ಸರ್ವಿಸ್ ಮ್ಯಾನುವಲ್" ಎಂದು ಹುಡುಕಿದರೆ ಹಳೇ ಯಂತ್ರಗಳ ಸರ್ಕ್ಯೂಟ್ ನಕ್ಷೆಯೇ ಸಿಗುವುದುಂಟು. ಇವತ್ತಿನ ಯಂತ್ರಗಳಿಗೆ ಆ ಭಾಗ್ಯ ಕಡಿಮೆ. ಗ್ರಾಹಕರಿಗೆ ರಿಪೇರಿಯ ಮಾಹಿತಿ ಸಿಗಲಿ ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿದೆ. ಉಳಿಸಲಾಗದ್ದನ್ನು ಗುಜರಿಗೆ ಎಸೆಯುವ ಬದಲು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಅದಕ್ಕೂ ಮೊದಲು ಕೀಗಳು, ಸ್ಪೀಕರ್, ಸ್ಕ್ರೂ ತೆಗೆದಿಟ್ಟುಕೊಳ್ಳಿ, ಇನ್ನೊಂದಕ್ಕೆ ಬೇಕಾಗುತ್ತದೆ.

ಮಳೆಗಾಲಕ್ಕೆ ನಾಲ್ಕು ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕೀಬೋರ್ಡ್ ಎಲ್ಲಿಂದ ಒಣಗಬೇಕು?

• ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಹತ್ತಿ ಬಟ್ಟೆ ಹೊದೆಸಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

• ಹೊರಗೋಡೆಗೆ ತಾಗಿಸಿ ಇಡಬೇಡಿ.

• ನುಡಿಸದೆ ಇಡುವುದಾದರೆ ಪೆನ್ಸಿಲ್ ಸೆಲ್ ತೆಗೆದಿಡಿ.

• ಮೇ ತಿಂಗಳ, ಅಕ್ಟೋಬರ್‌ನ ಸಿಡಿಲಿಗೆ ಸ್ವಿಚ್ ಆಫ್ ಸಾಲದು, ಪ್ಲಗ್ಗನ್ನೇ ಕೀಳಿ.

ಎಲ್ಲಕ್ಕಿಂತ ದೊಡ್ಡ ಮದ್ದು ವಾರಕ್ಕೊಮ್ಮೆ ಆನ್ ಮಾಡಿ ಹತ್ತು ನಿಮಿಷ ನುಡಿಸುವುದು. ಕೀಗಳು ಅಲುಗಾಡುತ್ತವೆ, ಒಳಗೆ ಸ್ವಲ್ಪ ಬಿಸಿಯಾಗಿ ತೇವ ಹೋಗುತ್ತದೆ, ಇರುವೆಗಳಿಗೂ ಇಲ್ಲಿ ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ.

ಈ ಭಾನುವಾರ ಆ ಬೆಡ್‌ಶೀಟ್ ಬಿಚ್ಚಿ ನೋಡಿ. ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಅದನ್ನು ನುಡಿಸುತ್ತಿದ್ದ ಅಪ್ಪನನ್ನೋ ಚಿಕ್ಕಮ್ಮನನ್ನೋ ಕರೆದು ಕೂರಿಸಿ, ಒಳಗೆ ಅವರದ್ದು ಏನಾದರೂ ಉಳಿದಿದೆಯಾ ಎಂದು ಕೇಳಿ. ಸಿಕ್ಕಿದ್ದು ಏನು ಎಂದು ನಮಗೂ ಬರೆದು ತಿಳಿಸಿ.